ನಾಕ್ಸೋಸ್‌ಗೆ ಹೊರಟ ಮಗಳಿಗೆ

ಗಂಗೊಳ್ಳಿ
ಆಗಸ್ಟ್ ತಿಂಗಳು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಮ್ಯೂನಿಕ್‌ನಿಂದ ಅಥೆನ್ಸ್‌ಗೆ ವಿಮಾನ, ಅಲ್ಲಿಂದ ಪಿರೇಯಸ್ ಬಂದರಿಗೆ ಹೋಗಿ ಫೆರಿ ಹತ್ತಿ ನಾಕ್ಸೋಸ್ ದ್ವೀಪ. ಸ್ನೇಹಿತೆಯರು ಜೊತೆಗಿದ್ದಾರೆ, ನಿನ್ನ ದುಡಿಮೆಯ ದುಡ್ಡು. ಬೇಡ ಅನ್ನುವುದಕ್ಕೆ ಇದರಲ್ಲಿ ಏನೂ ಇಲ್ಲ, ನನಗೆ ಖುಷಿಯೇ ಆಯಿತು. ಮನೆಯ ಸುದ್ದಿಯೆಲ್ಲ ನಿನ್ನಪ್ಪ ಫೋನಿನಲ್ಲಿ ಹೇಳಿರುತ್ತಾನೆ, ನಾನು ಮತ್ತೆ ಬರೆಯುವುದಿಲ್ಲ.

ಕೊನೆಯಲ್ಲಿ ನೀನು ಬರೆದ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಈಜು ಕಲಿತರೂ ಆಳ ಅಂದ್ರೆ ಈಗಲೂ ಭಯ ದೊಡ್ಡಪ್ಪ. ಅವರಿಬ್ಬರೂ ದೂರ ಈಜ್ತಾರೆ. ನಾನು ಗಾಳಿ ತುಂಬೋ ಹಾಸಿಗೆ ತಗೊಂಡು ನೀರಿನ ಮೇಲೆ ಮಲಗ್ತೀನಿ. ಅಲ್ಲಿ ಸಮುದ್ರ ಕೆರೆ ಹಾಗೆ ಇರತ್ತಂತೆ, ಹಾಸಿಗೆ ಇದ್ರೆ ಏನೂ ಆಗಲ್ಲ."

ಆಳ ಅಂದರೆ ಭಯ ಅಂದೆಯಲ್ಲ, ಅದಕ್ಕೆ ನನಗೆ ಚಿಂತೆ ಇಲ್ಲ. ಆ ಭಯ ಇರಲಿ. ಹಾಸಿಗೆ ಇದ್ದರೆ ಏನೂ ಆಗುವುದಿಲ್ಲ ಅಂದೆಯಲ್ಲ, ಅದು ಓದಿ ಎದೆ ಧಸಕ್ಕೆಂದಿತು. ಚೆನ್ನಾಗಿ ಈಜುವವಳು ಹಾಸಿಗೆ ಇಲ್ಲದೆಯೂ ವಾಪಸ್ ಬರುತ್ತಾಳೆ. ಭಯ ಇರುವವಳು ಸೊಂಟದ ನೀರಿನಲ್ಲೇ ನಿಲ್ಲುತ್ತಾಳೆ. ಆದರೆ ಹಾಸಿಗೆ ನಿನ್ನ ಹತ್ತಿರ ಕೇಳುವುದಿಲ್ಲ. ನಿನ್ನ ಭಯ ಎಲ್ಲಿ ನಿಲ್ಲು ಅನ್ನುತ್ತದೋ ಅದನ್ನೂ ದಾಟಿಸಿ, ನಿನಗೆ ನಿದ್ದೆ ಹತ್ತಿರುವಾಗ ಕರೆದುಕೊಂಡು ಹೋಗುತ್ತದೆ.

ನೀನು ನಗಬಹುದು. ದೊಡ್ಡಪ್ಪ ಗಂಗೊಳ್ಳಿಯ ಕಡಲು ನೋಡಿ ಗ್ರೀಸಿನ ಕಡಲಿಗೆ ಹೆದರುತ್ತಾನೆ ಅಂತ. ಆದರೆ ಆ ಕಡಲು ನನಗೆ ಗೊತ್ತು ಮಗಳೇ. ಗ್ರೀಕ್ ಮಾಲೀಕರ ಸರಕು ಹಡಗುಗಳಲ್ಲಿ ಕೆಲಸ ಮಾಡಿದವನು ನಾನು. ಕಪ್ಪು ಸಮುದ್ರದಿಂದ ಗೋಧಿ ತುಂಬಿಕೊಂಡು ಬರುವಾಗ ಆಂಡ್ರೋಸ್ ಮತ್ತು ಎವಿಯಾ ದ್ವೀಪಗಳ ನಡುವಿನ ಕಿರಿದಾದ ದಾರಿಯಲ್ಲಿ ಹಾಯ್ದು ಬರಬೇಕು. ಅಲ್ಲಿಯ ಗಾಳಿಗೆ ಡೆಕ್ ಮೇಲೆ ಕಂಬಿ ಹಿಡಿಯದೆ ನಿಲ್ಲಲು ಆಗುತ್ತಿರಲಿಲ್ಲ. ಆಗ ತಲೆಯೆತ್ತಿ ನೋಡಿದರೆ ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ! ಬೆಳ್ಳಗಿನ ಬಿಸಿಲು, ನೀಲಿ ಆಕಾಶ, ದೂರದಲ್ಲಿ ಬಿಳಿ ಬಿಳಿ ಮನೆಗಳು.

ಅಲ್ಲಿಯ ಅಪಾಯ ಅದೇ. ನಮ್ಮಲ್ಲಿ ಕಡಲು ಹೆಚ್ಚಿನ ಸಲ ಹೇಳಿಯೇ ಕೆಡುತ್ತದೆ. ಪಡುವಣ ಕಪ್ಪಾಗುತ್ತದೆ, ಗುಡುಗುತ್ತದೆ, ದೋಣಿಗಳನ್ನು ಮೇಲೆ ಎಳೆದುಬಿಡುತ್ತಾರೆ. ಅಲ್ಲಿ ಮೆಲ್ಟೆಮಿ ಅನ್ನುವ ಬಡಗಣ ಗಾಳಿ ಬರುವುದು ಸ್ವಚ್ಛ ಬಿಸಿಲಿನಲ್ಲೇ. ಜುಲೈ, ಆಗಸ್ಟ್‌ನಲ್ಲಿ ಅದರ ಜೋರು, ಸೆಪ್ಟೆಂಬರಿನಲ್ಲೂ ಬೀಸುತ್ತದೆ. ಬಾಲ್ಕನ್ ಕಡೆ ಗಾಳಿಯ ಒತ್ತಡ ಜಾಸ್ತಿ, ಟರ್ಕಿಯ ಕಾದ ನೆಲದ ಮೇಲೆ ಕಡಿಮೆ. ಈ ಎರಡರ ನಡುವೆ ಏಜಿಯನ್ ಸಮುದ್ರದ ಉದ್ದಕ್ಕೂ ಗಾಳಿ ನುಗ್ಗುತ್ತದೆ. ಟರ್ಕಿಯ ಆ ಕಡಿಮೆ ಒತ್ತಡ ಬೇರೆ ಏನೂ ಅಲ್ಲ, ನಮ್ಮ ಮುಂಗಾರನ್ನು ಎಳೆದು ತರುವ ಒತ್ತಡದ್ದೇ ಪಡುವಣ ತುದಿ. ಇರಾನ್, ಇರಾಕ್ ದಾಟಿ ಅಲ್ಲಿಯವರೆಗೆ ಚಾಚಿಕೊಂಡಿರುತ್ತದೆ. ಇಲ್ಲಿ ನಮ್ಮ ಅಂಗಳದಲ್ಲಿ ಮಳೆ ಹೊಯ್ಯುವ ದಿನಗಳಲ್ಲೇ ಅಲ್ಲಿ ಆ ಒಣ ಗಾಳಿ. ಇದನ್ನು ತಿಳಿದ ಮೇಲೆ ಆ ಗಾಳಿ ನನಗೆ ಪರದೇಶದ್ದು ಅನ್ನಿಸಿಲ್ಲ.

ಈಗ ನಿನ್ನ ಆ ಕೆರೆಯ ಮಾತಿಗೆ ಬರುತ್ತೇನೆ. ನೀನು ಹೆಸರಿಸಿದ ಅಗಿಯೋಸ್ ಪ್ರೊಕೊಪಿಯೋಸ್, ಅಗಿಯಾ ಅನ್ನಾ, ಪ್ಲಾಕಾ ಮೂರೂ ದ್ವೀಪದ ಪಡುವಣ ಅಂಚಿನಲ್ಲಿವೆ. ಫೋನಿನಲ್ಲಿ ನಕ್ಷೆ ತೆಗೆದು ಬೆರಳಿಟ್ಟು ನೋಡಿದೆ. ಬಡಗಣ ಗಾಳಿ ಎಷ್ಟೋ ದಿನ ನೆಲದ ಮೇಲಿಂದ ಹಾದು ಆ ದಂಡೆಗೆ ಬರುತ್ತದೆ. ಹಾಗೆ ಬಂದಾಗ ದಡದ ಹತ್ತಿರ ನೀರು ಏಳುವುದಿಲ್ಲ. ಅಲೆ ಏಳಲು ಗಾಳಿಗೆ ನೀರಿನ ಮೇಲೆ ಓಡುವ ಜಾಗ ಬೇಕು. ದಡದಲ್ಲಿ ಆ ಜಾಗ ಇಲ್ಲ, ದೂರ ಹೋದಷ್ಟೂ ಸಿಗುತ್ತದೆ. ಆದ್ದರಿಂದ ನಿನ್ನ ಕಾಲ ಬುಡದಲ್ಲಿ ನೀರು ನಿಜವಾಗಿಯೂ ಕೆರೆ. ನಾಲ್ಕು ನೂರು ಮೀಟರ್ ಆಚೆ ಅದೇ ನೀರು ಕೆರೆ ಅಲ್ಲ. ಮತ್ತು ಗಾಳಿ ತಳ್ಳುವುದು ಅತ್ತಲೇ, ಹೊರಕ್ಕೆ.

ಹಾಸಿಗೆಗೆ ಭಾರ ಇಲ್ಲ, ನೀರಿನೊಳಗೆ ಹಿಡಿದುಕೊಳ್ಳಲು ಏನೂ ಇಲ್ಲ. ಅಂಗಳದಲ್ಲಿ ಒಣ ಅಡಿಕೆ ಹಾಳೆ ಗಾಳಿಗೆ ಸರ್ರನೆ ಜಾರಿ ಹೋಗುತ್ತದಲ್ಲ, ಹಾಗೆ ಜಾರುತ್ತದೆ. ಮೇಲೆ ಮಲಗಿದವಳಿಗೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಗಾಳಿಯ ಜೊತೆಗೇ ಹೋಗುತ್ತಿರುವಾಗ ಗಾಳಿ ಮೈಗೆ ತಾಕುವುದು ಕಡಿಮೆ. ಕಣ್ಣು ಬಿಟ್ಟಾಗ ದಡದ ಛತ್ರಿಗಳು ಚುಕ್ಕೆಗಳಾಗಿರುತ್ತವೆ. ಆಮೇಲೆ ಕೈಯಲ್ಲಿ ಹುಟ್ಟು ಹಾಕಿದರೆ ಬರಲು ಆಗುವುದಿಲ್ಲ. ತೋಳಿಗೆ ಬಲ ಇದ್ದ ಗಂಡಸರಿಂದಲೂ ಆಗುವುದಿಲ್ಲ.

2020ರ ಆಗಸ್ಟ್‌ನಲ್ಲಿ ಗ್ರೀಸಿನಲ್ಲೇ, ಅಂತಿರ್ರಿಯೊ ಊರಿನ ಹತ್ತಿರ, ಗಾಳಿ ತುಂಬಿದ ಒಂಟಿಕೊಂಬಿನ ಕುದುರೆ ಬೊಂಬೆಯ ಮೇಲೆ ಕುಳಿತ ಪುಟ್ಟ ಹುಡುಗಿ ಕಡಲಿನ ಮಧ್ಯಕ್ಕೆ ತೇಲಿ ಹೋಗಿದ್ದಳು. ಒಂದು ಫೆರಿಯವರು ನಿಧಾನವಾಗಿ ಹಡಗನ್ನು ಹತ್ತಿರ ತಂದು ಎತ್ತಿಕೊಂಡರು. ಆ ವಿಡಿಯೋ ನೋಡಿದ್ದೇನೆ. ಮಗು ಒಂದಿಷ್ಟೂ ಅಲುಗಾಡದೆ ಬೊಂಬೆಯ ಕತ್ತನ್ನು ತಬ್ಬಿ ಕುಳಿತಿತ್ತು. ಅದರಿಂದಲೇ ಉಳಿಯಿತು ಅಂತ ನನಗೆ ಅನ್ನಿಸುತ್ತದೆ.

ನಿನ್ನ ಸಣ್ಣ ಚಿಕ್ಕಪ್ಪನ ವಿಷಯ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಬರೆಯುವುದಿಲ್ಲ. ಅವತ್ತೂ ಚೌತಿ ಕಳೆದ ವಾರ, ಮಳೆ ಬಿಟ್ಟು ಆಕಾಶ ತಿಳಿಯಾಗಿತ್ತು, ಎಲ್ಲರೂ ಕಡಲು ಇಳಿದಿದೆ ಅಂತಲೇ ಹೇಳಿದ್ದರು. ಇಷ್ಟು ಸಾಕು.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಆ ಸುದ್ದಿ ಬಂದಾಗ ನಮ್ಮ ಹಡಗು ಪಿರೇಯಸ್‌ನ ಹೊರಗೆ ಲಂಗರು ಹಾಕಿತ್ತು. ನಾನು ಡೆಕ್ ಮೇಲೆ ತುಕ್ಕು ಕೆರೆಯುತ್ತಿದ್ದೆ. ರೇಡಿಯೋ ಆಫೀಸರ್ ಮಡಚಿದ ಕಾಗದ ಹಿಡಿದುಕೊಂಡು ಬಂದ. ಗಾಳಿಗೆ ಹಾರಿಹೋಗದ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಖದ ಹತ್ತಿರ ಚಾಚಿದ. ಟೈಪ್ ಮಾಡಿದ ಎರಡು ಸಾಲು. ದಡದಲ್ಲಿ ಕಾರುಗಳು ಓಡಾಡುವುದು ಕಣ್ಣಿಗೆ ಕಾಣುತ್ತಿತ್ತು, ಇಳಿದು ಹೋಗುವ ಹಾಗಿರಲಿಲ್ಲ. ಅಷ್ಟು ಗಾಳಿಗೆ ಲಾಂಚ್ ಬರುವುದಿಲ್ಲ ಅಂದರು. ಊರಿಗೆ ಬಂದು ಅಮ್ಮನ ಮುಖ ನೋಡುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಅವಳು ಒಂದು ಮಾತೂ ಕೇಳಲಿಲ್ಲ, ಊಟಕ್ಕೆ ಬಾ ಅಂದಳು. ಅವಳ ಹತ್ತಿರ ಕೂತು ಆ ದಿನದ ಬಗ್ಗೆ ಮಾತಾಡಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ನಾವಿಬ್ಬರೂ ಕೊನೆಯವರೆಗೂ ಆ ಮಾತು ಎತ್ತಲಿಲ್ಲ.

ಅದಕ್ಕೇ ನೀಲಿ ಆಕಾಶ, ತಿಳಿ ನೀರು, ಚೌತಿಯ ಆಸುಪಾಸಿನ ದಿನಗಳು ಅಂದರೆ ನನಗೆ ಹೀಗಾಗುತ್ತದೆ. ನಿನ್ನ ರಜೆಯ ಖುಷಿಗೆ ಇದನ್ನೆಲ್ಲ ಹೊರಿಸುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ನಿನ್ನ ದೊಡ್ಡಮ್ಮನಿಗೆ ಆ ದ್ವೀಪಗಳನ್ನು ನೋಡುವ ಆಸೆ ಇತ್ತು. ನಾನು ಕಳಿಸುತ್ತಿದ್ದ ಪೋಸ್ಟ್‌ಕಾರ್ಡುಗಳಿಂದ ಹತ್ತಿದ ಆಸೆ. ಸಿರೋಸ್, ಟಿನೋಸ್, ಪಾರೋಸ್ ಅಂತ ಅವಳು ಬಾಯಿಪಾಠ ಮಾಡಿದ್ದಳು. ಕೆಲಸದಿಂದ ಬಿಡುಗಡೆ ಆದ ಮೇಲೆ ಹೋಗೋಣ ಅಂತಿದ್ದೆ. ಅವಳಿಗೆ ಮಂಡಿ ನೋವು ಶುರುವಾಯಿತು, ಮುಂದಿನದು ನಿನಗೆ ಗೊತ್ತೇ ಇದೆ. ನಾನೂ ಒಂದು ದ್ವೀಪದಲ್ಲಿಯೂ ಇಳಿದವನಲ್ಲ. ಡೆಕ್ಕಿನಿಂದ ನೋಡಿದ್ದು ಅಷ್ಟೇ. ಆದ್ದರಿಂದ ನೀನು ಹೋಗಲೇಬೇಕು. ಹೋಗಬೇಡ ಅಂತ ನಾನು ಒಮ್ಮೆಯೂ ಹೇಳಿಲ್ಲ ಅನ್ನುವುದನ್ನು ಮರೆಯಬೇಡ.

ನೀರಿಗೂ ಇಳಿ. ಆಗಸ್ಟ್ ಕೊನೆಗೆ ಅಲ್ಲಿಯ ನೀರು 24, 25 ಡಿಗ್ರಿ ಇರುತ್ತದೆ, ಹಿತವಾಗಿರುತ್ತದೆ. ಉಪ್ಪು ನಮ್ಮ ಕಡಲಿಗಿಂತ ಜಾಸ್ತಿ, ಮೈ ತಾನಾಗಿ ತೇಲುತ್ತದೆ. ಅಂಗಾತ ಮಲಗಿ ಕಿವಿ ನೀರಿನೊಳಗೆ ಬಿಟ್ಟರೆ ಸಾಕು. ಎದೆ ಮಟ್ಟದ ನೀರಿನಲ್ಲಿ, ದಡಕ್ಕೆ ಉದ್ದುದ್ದಕ್ಕೆ ತೇಲು, ಹೊರಕ್ಕೆ ಬೇಡ. ತೇಲುವುದಕ್ಕೆ ಹಾಸಿಗೆ ಯಾಕೆ ಬೇಕು ಹೇಳು? ಆದರೂ ಕೊಳ್ಳಲೇಬೇಕು ಅನ್ನಿಸಿದರೆ ಮರಳಿನ ಮೇಲೆ ಹಾಸಿಕೊಂಡು ಮಲಗು. ಗಾಳಿಯ ತಂಪಿಗೆ ಬಿಸಿಲು ಸುಡುವುದು ಗೊತ್ತಾಗುವುದಿಲ್ಲ, ನೆರಳು ನೋಡಿಕೋ.

ನೀರಿಗೆ ಇಳಿಯುವ ಮುಂಚೆ ದಡದ ಗಿಡಗಳ ತಲೆ ಯಾವ ಕಡೆ ಬಾಗಿದೆ ನೋಡು. ಕಡಲಿನ ಕಡೆಗೆ ಬಾಗಿದ್ದರೆ ಗಾಳಿ ಹೊರಕ್ಕೆ. ಆಮೇಲೆ ದೂರ ನೋಡು. ಅಲ್ಲಲ್ಲಿ ಬಿಳಿ ನೊರೆ ಕಂಡರೆ ಅದು ಗಾಳಿಯ ಜೋರು ಅಳೆಯುವ ಬ್ಯೂಫರ್ಟ್ ಲೆಕ್ಕದಲ್ಲಿ 3, ಸಾಕಷ್ಟು ಕಂಡರೆ 4, ತುಂಬ ಕಂಡರೆ 5. ಅಲ್ಲಿಯ ಜನ ಕಾಫಿ ಅಂಗಡಿಯಲ್ಲೂ ಗಾಳಿಯನ್ನು ಆ ಲೆಕ್ಕದಲ್ಲೇ ಮಾತಾಡುತ್ತಾರೆ, ನಮ್ಮವರು ಮಳೆ ಮಾತಾಡುವಷ್ಟು. ರೂಮಿನವರನ್ನು ಬೆಳಿಗ್ಗೆ ಕೇಳಿದರೆ ಇವತ್ತು ಎಷ್ಟು ಅಂತ ಹೇಳುತ್ತಾರೆ. ಕೆಂಪು ಬಾವುಟ ಇದ್ದರೆ ಇಳಿಯಲೇಬೇಡ. ಸ್ನೇಹಿತೆಯರು ಕರೆದರೂ ಅಷ್ಟೆ.

ಮತ್ತೂ ಒಂದು. ಹಾಸಿಗೆಯೋ ಚೆಂಡೋ ಕೈ ತಪ್ಪಿ ಹೋಯಿತು ಅಂದುಕೋ, ಹೋಗಲಿ ಬಿಡು. ಅದರ ಹಿಂದೆ ಈಜಬೇಡ. ಹತ್ತು ಯೂರೋದ ವಸ್ತು. ನೀನೇ ಅದರ ಮೇಲೆ ಇದ್ದು ದೂರ ಹೋದರೆ ಮಾತ್ರ ಅದನ್ನು ಬಿಟ್ಟು ಇಳಿಯಬೇಡ. ಗಟ್ಟಿಯಾಗಿ ಹಿಡಿದುಕೊಂಡು ಕೈ ಬೀಸು, ಕೂಗು. ಗ್ರೀಸಿನ ಕೋಸ್ಟ್‌ಗಾರ್ಡ್ ನಂಬರ್ 108, ಯುರೋಪಿನ ಎಲ್ಲ ಕಡೆ ನಡೆಯುವುದು 112. ದಡದಲ್ಲಿ ಇರುವವಳ ಫೋನಿನಲ್ಲಿ ಎರಡೂ ಇರಲಿ. ಈ ಪ್ಯಾರಾ ಬರೆಯುವಾಗ ನನಗೆ ಕೈ ಓಡುತ್ತಿಲ್ಲ. ಆದರೂ ಬರೆದೆ.

ಗಾಳಿ ಜೋರಿದ್ದ ದಿನ ಬೆಟ್ಟಕ್ಕೆ ಹೋಗಿಬಿಡಿ. ಆ ಸುತ್ತಿನ ದ್ವೀಪಗಳ ಗುಂಪಿಗೆ ಸಿಕ್ಲಡೀಸ್ ಅನ್ನುತ್ತಾರೆ, ಅವುಗಳಲ್ಲೆಲ್ಲ ದೊಡ್ಡದು ನಾಕ್ಸೋಸ್, ಎತ್ತರದ ಬೆಟ್ಟವೂ ಅಲ್ಲಿಯದೇ, ಝಾಸ್ ಅಂತ, ಸಾವಿರ ಮೀಟರ್ ಇದೆ. ಅಪೀರಾಂಥೋಸ್ ಅನ್ನುವ ಹಳ್ಳಿಯ ಓಣಿಗಳಿಗೆ ಅಮೃತಶಿಲೆ ಹಾಸಿದ್ದಾರಂತೆ. ಅಪೊಲೊನಾಸ್ ಹತ್ತಿರ ಕಲ್ಲುಕ್ವಾರಿಯಲ್ಲಿ ಕಡೆಯುತ್ತ ಅರ್ಧಕ್ಕೇ ಬಿಟ್ಟ ಮೂರ್ತಿ ಅಂಗಾತ ಮಲಗಿದೆ, ಹತ್ತು ಮೀಟರಿಗೂ ಉದ್ದ. ನಮ್ಮ ಕಾರ್ಕಳದ ಗೊಮ್ಮಟನಿಗಿಂತ ಸ್ವಲ್ಪವೇ ಚಿಕ್ಕದು. ಅಲ್ಲಿ ನಿನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇರು, ನಾನು ನಿಶ್ಚಿಂತೆಯಾಗಿ ಊಟ ಮಾಡುತ್ತೇನೆ. ಊಟ ಅಂದಾಗ ನೆನಪಾಯಿತು, ನಾಕ್ಸೋಸ್‌ನ ಆಲೂಗಡ್ಡೆಗೆ ಗ್ರೀಸಿನಲ್ಲೆಲ್ಲ ಹೆಸರಿದೆ. ನಮ್ಮ ಹಡಗಿನ ಅಡುಗೆಯವನು ಅದಕ್ಕಾಗಿ ಜಗಳ ಆಡುತ್ತಿದ್ದ.

ವಾಪಸ್ ವಿಮಾನಕ್ಕೆ ಹಿಂದಿನ ದಿನವೇ ಅಥೆನ್ಸ್ ಸೇರಿಕೋ. ಗಾಳಿ ತುಂಬ ಜೋರಾದರೆ ಫೆರಿ ಬಿಡುವುದಿಲ್ಲ, ಸಣ್ಣವು ಅದಕ್ಕೂ ಮುಂಚೆಯೇ ನಿಲ್ಲುತ್ತವೆ.

ನಮ್ಮ ಹಡಗಿನ ಸೆಕೆಂಡ್ ಮೇಟ್ ಗ್ರೀಸಿನವನು. ರಾತ್ರಿ ಪಾಳಿಯಲ್ಲಿ ಒಂದು ಕಥೆ ಹೇಳಿದ್ದ. ಥೀಸಿಯಸ್ ಅನ್ನುವ ರಾಜಕುಮಾರ ಕ್ರೀಟ್‌ನಲ್ಲಿ ರಾಕ್ಷಸನನ್ನು ಕೊಂದು ಊರಿಗೆ ಹೊರಟ. ದಾರಿಯಲ್ಲಿ ತನ್ನನ್ನು ಕಾಪಾಡಿದ ಹುಡುಗಿಯನ್ನು ಇದೇ ನಾಕ್ಸೋಸ್‌ನಲ್ಲಿ ಬಿಟ್ಟು ಹೋದ. ಬದುಕಿ ಬಂದರೆ ಬಿಳಿ ಹಾಯಿ ಏರಿಸುತ್ತೇನೆ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದ. ಮರೆತ. ಮುದುಕ ಏಜಿಯಸ್ ದಿನಾ ಬಂಡೆಯ ಮೇಲೆ ನಿಂತು ಕಾಯುತ್ತಿದ್ದವನು ಕಪ್ಪು ಹಾಯಿ ನೋಡಿ ಕಡಲಿಗೆ ಹಾರಿದ. ಆ ಕಡಲಿಗೆ ಅವನದೇ ಹೆಸರು. ಮಗ ಕ್ಷೇಮವಾಗಿಯೇ ಇದ್ದ, ನೋಡು. ಹೇಳಲಿಲ್ಲ, ಅಷ್ಟೆ. ಆ ಕಥೆ ಕೇಳಿದಾಗ ನಾನು ಹುಡುಗ, ರಾಜಕುಮಾರನ ಪರವಾಗಿದ್ದೆ. ಈಗ ಆ ಮುದುಕನ ನೆನಪೇ ಬರುತ್ತದೆ.

ಆದ್ದರಿಂದ ದಿನಾ ಸಂಜೆ ನೀರಿನಿಂದ ಮೇಲೆ ಬಂದ ಮೇಲೆ ಒಂದು ಮೆಸೇಜ್ ಹಾಕು. "ಬಂದೆ" ಅಂತ ಒಂದೇ ಪದ ಸಾಕು, ಫೋಟೋ ಬೇಡ. ಅಲ್ಲಿ ಸಂಜೆ ಆರು ಅಂದರೆ ಇಲ್ಲಿ ರಾತ್ರಿ ಎಂಟೂವರೆ, ನಾನು ಎಚ್ಚರವಾಗಿಯೇ ಇರುತ್ತೇನೆ. ಮರೆತರೆ ಬೈಯುವುದಿಲ್ಲ, ನಾನೇ ಫೋನ್ ಮಾಡುತ್ತೇನೆ. ಸ್ನೇಹಿತೆಯರ ಎದುರು ನಾಚಿಕೆ ಆಗುತ್ತದೆ ಅಂದರೆ ಎತ್ತದೆ ಕಟ್ ಮಾಡು, ಅದರಿಂದಲೂ ನನಗೆ ತಿಳಿಯುತ್ತದೆ.

ಹಾಸಿಗೆ ವಿಷಯ ಏನು ಮಾಡುತ್ತೀಯ ಅಂತ ಹೊರಡುವ ಮುಂಚೆ ಬರೆ. ನಿನ್ನಪ್ಪನಿಗೆ ಈ ಪತ್ರ ತೋರಿಸಬೇಡ, ಅವನಿಗೂ ಆ ವಾರದ ನೆನಪು ಇದ್ದೇ ಇರುತ್ತದೆ.

ಇತಿ ನಿನ್ನ,
ದೊಡ್ಡಪ್ಪ