ಹೂಕುಂಡಗಳಿಗೆ ಬಣ್ಣ ಹೊಡೆಸುವ ಮೊದಲು: ನಮ್ಮ ವಾರ್ಡಿನ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಸದಸ್ಯರೇ, ನಮಸ್ಕಾರ.

ಕಾರವಾರದಲ್ಲಿ ಮೂವತ್ತು ವರ್ಷ ಗೌಂಡಿ ಕೆಲಸ ಮಾಡಿದವನು ನಾನು. ಕಡಲಿಗೆ ಇಳಿಯುವ ನಮ್ಮ ರಸ್ತೆಯ ಬದಿಯ ಸಿಮೆಂಟ್ ಹೂಕುಂಡಗಳಿಗೆ ಮಳೆಗಾಲದೊಳಗೆ ಬಣ್ಣ ಹೊಡೆಸುತ್ತೇವೆ ಎಂದಿರಿ. ಕೇಳಿ ಸಂತೋಷವಾಯಿತು. ಆದರೆ ಬಣ್ಣಕ್ಕಿಂತ ಮೊದಲು ಆಗಬೇಕಾದ ಕೆಲಸ ಬೇರೆಯೇ ಇದೆ.

ಆ ಕುಂಡಗಳನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಸಿ ನೋಡಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಲ್ಲಿ ಡಬಡಬ ಎನ್ನುತ್ತದೆ. ಕಡಲ ಗಾಳಿಯ ಉಪ್ಪು ನೀರಿನ ಜೊತೆ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳನ್ನು ಮುಟ್ಟಿದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಎರಡು ಪಟ್ಟಿಗೂ ಮಿಕ್ಕಿ ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಕರಾವಳಿಯ ಹವೆಗೆ ಸರಳಿನ ಮೇಲೆ 45 ಮಿ.ಮೀ. ಕಾಂಕ್ರೀಟ್ ಇರಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಕುಂಡದ ಎರಡು ಇಂಚು ದಪ್ಪದ ಗೋಡೆಯಲ್ಲಿ, ಸರಳಿನ ಎರಡೂ ಬದಿಗೆ ಅಷ್ಟು ಎಲ್ಲಿಂದ ಬರಬೇಕು? ಬಣ್ಣ ಬಳಿದರೆ ಬಿರುಕು ಮುಚ್ಚೀತು, ತುಕ್ಕು ನಿಲ್ಲುವುದಿಲ್ಲ. ಹಿಂದೊಮ್ಮೆ ಒಂದು ಮನೆಯ ಅಂಗಳದ ಕುಂಡಕ್ಕೆ ನಾನೇ ತುಕ್ಕು ತೆಗೆಯದೆ ಸಿಮೆಂಟ್ ಮೆತ್ತಿದ್ದೆ. ಒಂದೇ ಮಳೆಗಾಲಕ್ಕೆ ತೇಪೆ ಎದ್ದು ಬಂತು. ಆ ಮನೆಯವರ ದುಡ್ಡು ಹಾಳಾದದ್ದು ಇಂದಿಗೂ ಮನಸ್ಸಿನಲ್ಲಿದೆ.

ಮಣ್ಣು, ಗಿಡ ಗೋಣಿಚೀಲಕ್ಕೆ ತೆಗೆಸಿ. ಸಡಿಲಾದದ್ದನ್ನೆಲ್ಲ ಚಾಣದಿಂದ ಕೆತ್ತಿಸಿ, ಸರಳಿನ ಹಿಂಬದಿಯೂ ಕಾಣುವವರೆಗೆ. ತಂತಿ ಬ್ರಷ್ಷಿನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಒಣಗಿದ ಸರಳಿಗೆ ತುಕ್ಕು ತಡೆಯುವ ಜಿಂಕ್ ಪ್ರೈಮರ್ ಹಚ್ಚಬೇಕು. ಆಮೇಲೆ ಪಾಲಿಮರ್ (ಹಿಡಿತ ಹೆಚ್ಚಿಸುವ ದ್ರವ) ಬೆರೆಸಿದ ಗಾರೆ. ಉಪ್ಪಿನ ಮರಳನ್ನು ದಯವಿಟ್ಟು ಹತ್ತಿರಕ್ಕೂ ತರಿಸಬೇಡಿ. ಒದ್ದೆ ಗೋಣಿ ಹೊದಿಸಿ ಏಳು ದಿನ ನೀರುಣಿಸಿದ ಮೇಲೆ ಒಳಮೈಗೆ ಎರಡು ಕೋಟ್ ವಾಟರ್‌ಪ್ರೂಫ್ ಲೇಪ. ಹೊರಗಿನ ಬಣ್ಣ ಕೊನೆಯ ಮಾತು.

ಎಲ್ಲಕ್ಕಿಂತ ಮುಖ್ಯ, ತಳದ ತೂತು. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಸುರಿಯುವ ಊರು ನಮ್ಮದು, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ತೂತು ಕಟ್ಟಿಕೊಂಡರೆ ಕುಂಡ ಕೆರೆಯಾಗುತ್ತದೆ, ಬೇರು ಕೊಳೆಯುತ್ತದೆ, ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ. ಪ್ರತಿ ಕುಂಡಕ್ಕೂ ಒಂದಿಂಚಿನ ಎರಡು ತೂತಾದರೂ ಬೇಕು. ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ತೆಂಗಿನ ನಾರು, ಆಮೇಲೆ ಮಣ್ಣು. ಕೆಳಗೆ ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ತುಂಡಿಟ್ಟು ಕುಂಡವನ್ನು ನೆಲದಿಂದ ಎರಡು ಇಂಚು ಎತ್ತಿಸಿ. ತಳದಲ್ಲಿ ಗಾಳಿಯಾಡದೆ ತೂತಿದ್ದೂ ಪ್ರಯೋಜನವಿಲ್ಲ.

ಸರಳು ಅರ್ಧಕ್ಕರ್ಧ ಸವೆದ ಕುಂಡ ರಿಪೇರಿಗೆ ಬಾರದು. ಅಂಥವನ್ನು ತೆಗೆಸಿ, ಆ ಜಾಗದಲ್ಲಿ ಚಿರೆಕಲ್ಲಿನ ಕಟ್ಟೆ ಕಟ್ಟಿಸಿ. ಅದರಲ್ಲಿ ಕಬ್ಬಿಣವೇ ಇಲ್ಲ. ಗಿಡವೂ ಉಪ್ಪುಗಾಳಿ ತಡೆಯುವಂಥದ್ದಿರಲಿ: ಕಣಗಿಲೆ, ನಿತ್ಯಪುಷ್ಪ, ಕಾಗದದ ಹೂವು.

ಮೃಗಶಿರ ಮಳೆ ಹಿಡಿದರೆ ಲೇಪ ಒಣಗದು. ಆದ್ದರಿಂದ ಏಪ್ರಿಲ್‌ನಲ್ಲೇ ಕೆಲಸ ಶುರುಮಾಡಿಸಿ. ಯಾವ ಕುಂಡ ಉಳಿಯುತ್ತದೆ, ಯಾವುದು ಇಲ್ಲ ಎಂದು ಗುರುತು ಹಾಕಿಕೊಡಲು ಸುತ್ತಿಗೆ ಹಿಡಿದು ನಾನೇ ಬರುತ್ತೇನೆ. ಕೂಲಿ ಬೇಡ. ಬೆಳಿಗ್ಗೆ ಏಳಕ್ಕೆ ಹೇಳಿಕಳಿಸಿದರೆ ಸಾಕು.

ಇಂತಿ,
ನಿಮ್ಮ ವಾರ್ಡಿನ ಹಳೆಯ ಗೌಂಡಿ