ಶಿವಮೊಗ್ಗದ ಫಿಸಿಯೋಥೆರಪಿ ಮೇಡಂಗೆ

ಮೇಡಂ, ನಿಮ್ಮ ಹೆಸರು ಕೇಳಲೇ ಇಲ್ಲ. ತೀರ್ಥಹಳ್ಳಿಯಿಂದ ಸೊಂಟ ಹಿಡಿದುಕೊಂಡೇ ಬಸ್ಸಿನಲ್ಲಿ ಬಂದ, 108 ಕೆಜಿ ತೂಕದ ಅಡಿಕೆ ತೋಟದವನು ನಾನು. ನೆನಪಿದೆಯಾ?

ಅಲ್ಲಿಯವರೆಗೆ ಹೋದಲ್ಲೆಲ್ಲ ಒಂದೇ ಮಾತು: "ಮೊದಲು ತೂಕ ಇಳಿಸಿ." ಬಗ್ಗಿ ಒಂದು ಉದುರಡಿಕೆ ಹೆಕ್ಕಲಾಗದವನು ತೂಕ ಇಳಿಸುವುದು ಹೇಗೆ ಮಾರಾಯ್ರೆ? ನೀವು ಕೇಳಿದ್ದೇ ಬೇರೆ. ಕಾಲು ಜೋಮು ಹಿಡಿದಿದೆಯಾ, ಮೂತ್ರದ ಹಿಡಿತ ತಪ್ಪಿದೆಯಾ ಅಂತ. ಹಾಗಿದ್ದರೆ ತಡಮಾಡದೆ ಆಸ್ಪತ್ರೆಗೇ ಹೋಗಬೇಕಂತೆ. ಬೋರಲು ಮಲಗಿದರೆ ನನಗೆ ಉಸಿರು ಕಟ್ಟುತ್ತದೆ. ಹೇಳುವ ಮೊದಲೇ ಮಗ್ಗುಲಿಗೆ ಮಲಗಿಸಿ, ಮಂಡಿಗಳ ನಡುವೆ ದಿಂಬು ಇಟ್ಟಿರಿ. ಆಮೇಲೆ ಅಂಗೈಯಿಂದ ಸೊಂಟದ ಕೀಲುಗಳನ್ನು ಮೆಲ್ಲಗೆ ಒತ್ತಿ ಒತ್ತಿ ಸಡಿಲಿಸಿದಿರಿ. ಲಟಕ್ ಅಂತ ಮುರಿಯುತ್ತೀರೇನೋ ಎಂದು ಸುಮ್ನೆ ಹೆದರಿದ್ದೆ.

"ನಾನು ಕೈಯಿಂದ ಒತ್ತೋದು ನಿಮ್ಮ ನೋವನ್ನು ಸ್ವಲ್ಪ ದಿನ ತಗ್ಗಿಸುತ್ತೆ, ಅಷ್ಟೆ. ಅಷ್ಟರಲ್ಲಿ ನೀವು ನಡೆಯೋಕೆ, ವ್ಯಾಯಾಮಕ್ಕೆ ಶುರು ಮಾಡಿ. ಹೀಗೆ ಒತ್ತೋದರಿಂದ ಕೊಬ್ಬು ಕರಗಲ್ಲ" ಎಂದಿರಿ. ಇಷ್ಟು ನೇರವಾಗಿ ಹೇಳುವವರು ಕಡಿಮೆ.

ಈಗ ತುಂಗೆಯ ದಡದಲ್ಲಿ ದಿನಾ 30 ನಿಮಿಷ ನಡೆಯುತ್ತೇನೆ. ಮಳೆ ಜಾಸ್ತಿಯಾದರೆ ಜಗಲಿಯಲ್ಲೇ. ತೂಕ ಇಳಿದದ್ದು ಬರೀ 4 ಕೆಜಿ. ಆದರೆ ನಿನ್ನೆ ಬಗ್ಗಿ ಉದುರಡಿಕೆ ಹೆಕ್ಕಿದೆ ಮೇಡಂ, ಅರ್ಧ ಬುಟ್ಟಿ. ತುಂಬಾ ಥ್ಯಾಂಕ್ಸ್.