ಏನೂ ಕೆಟ್ಟಿರಲಿಲ್ಲ, ದೋಸ್ತ

ದೋಸ್ತ,

ಮಸ್ಕತ್‌ನಲ್ಲಿ ಈಗ ಬಿಸಿಲು ಸ್ವಲ್ಪ ಇಳಿದಿರಬೇಕು, ಅಲ್ವಾ? ಇಲ್ಲಿ ಕಲಬುರಗಿಯಲ್ಲಿ ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನು. ತೊಗರಿ ಹಳದಿ ಹೂ ಬಿಟ್ಟು ನಿಂತಿದೆ. ನಿನ್ನೆ ನಿಮ್ಮ ಹೊಲದ ಬದುವಿನ ಮೇಲೆ ಸುಮ್ನೆ ಒಂದು ತಾಸು ಕೂತು ಬಂದೆ.

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ಸೆಪ್ಟೆಂಬರ್‌ನಲ್ಲಿ, ಲಾರಿಯ ಮೇಲೆ ನಾವು ಮನೆ ಕಟ್ಟಿದ ಗಾಡಿಯಲ್ಲಿ ಲಡಾಖಿನ ಲೇಹ್‌ಗೆ ಹೊರಟಿದ್ದಾಗ, ನಾನು ಎಲ್ಲರ ಮುಂದೆ ಒಂದು ಮಾತು ಬರೆದೆ. "ಗೇರ್‌ಬಾಕ್ಸ್ ಕೈಕೊಟ್ಟಿದೆ, ಗಾಡಿ ವಾಪಸ್ ತರುತ್ತಿದ್ದೇನೆ" ಅಂತ. ಮೂರು ವರ್ಷದಿಂದ ನಮ್ಮ ಗಾಡಿಯ ಫೋಟೊ ನೋಡುತ್ತಾ ಬಂದವರೆಲ್ಲ ಅದನ್ನು ನಂಬಿದರು. ನೀನೂ ನಂಬಿದೆ. "ಸೆಕೆಂಡ್ ಗೇರಾ?" ಅಂತ ಕೇಳಿದೆ. ನಾನು ಹೌದು ಅಂದೆ.

ಗೇರ್‌ಬಾಕ್ಸ್‌ಗೆ ಏನೂ ಆಗಿರಲಿಲ್ಲ. ಗಾಡಿಯಲ್ಲಿ ಏನೂ ಕೆಟ್ಟಿರಲಿಲ್ಲ.

ಸುಳ್ಳು ಎಲ್ಲರ ಮುಂದೆ ಹೇಳಿದ್ದು, ಅದಕ್ಕೆ ಎಲ್ಲರ ಮುಂದೆಯೇ ತಿದ್ದುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೇ. ಆದರೂ ಬರೆಯಬೇಕು ಅನಿಸುತ್ತಿದೆ. 2022ರ ಯುಗಾದಿ ಮರುದಿನ ಆ ಟಾಟಾ 407 ಲಾರಿ ತಂದು ಹುಮನಾಬಾದ್ ರೋಡಿನ ಶೆಡ್ಡಿನಲ್ಲಿ ನಿಲ್ಲಿಸಿದೆವು. ಎಷ್ಟೋ ವರ್ಷ ದಾಲ್ ಮಿಲ್ಲಿಗೆ ಚೀಲ ಹೊತ್ತ ಗಾಡಿ. ತೊಳೆದಷ್ಟೂ ಚಾಸಿಯ, ಅಂದರೆ ಗಾಡಿಯ ತಳದ ಕಬ್ಬಿಣದ ಚೌಕಟ್ಟಿನ, ಸಂದಿಯಿಂದ ತೊಗರಿ ಹೊಟ್ಟು ಬರುತ್ತಲೇ ಇತ್ತು. ಅದರ ಮೇಲೆ ಒಂದು ಮನೆ ಕಟ್ಟಬೇಕು, ಅದರಲ್ಲಿ ಲೇಹ್ ತನಕ ಹೋಗಬೇಕು ಅಂದಾಗ ಶೆಡ್ಡಿನ ಮೆಕ್ಯಾನಿಕ್ ಉಸ್ತಾದ್ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಚಹಾ ತರಿಸಿದರು.

ಗಾಡಿಯ ಮೇಲೆ ಕೂರಿಸಿದ ಮನೆ, ಆ ಮೊದಲನೇ ಡಬ್ಬಿ ನೆನಪಿದೆಯಲ್ಲ? ನೇರವಾಗಿ ಚಾಸಿಗೆ ಬೋಲ್ಟು ಹೊಡೆದು ಕೂರಿಸಿದ್ದೆವು. ಎಷ್ಟು ಗಟ್ಟಿ ಇದೆ ನೋಡು ಅಂತ ಅದರ ಮೇಲೆ ಹತ್ತಿ ಕುಣಿದಿದ್ದೆ ನೀನು. ಚಿಂಚೋಳಿ ಕಾಡಿನ ರಸ್ತೆಯಲ್ಲಿ ಚಂದ್ರಂಪಳ್ಳಿ ಡ್ಯಾಂ ತನಕ ಹೋಗಿ ಬರುವಷ್ಟರಲ್ಲಿ ಬಾಗಿಲ ಮೂಲೆಯಿಂದ ಬಿರುಕು ಬಿಟ್ಟಿತ್ತು. ಒಂದು ಗಾಲಿ ಗುಂಡಿಗೆ ಇಳಿದಾಗ ಲಾರಿಯ ಚಾಸಿ ತಿರುಚಿಕೊಳ್ಳುತ್ತದೆ. ಹಾಗೆ ತಿರುಚಿಕೊಳ್ಳಲಿ ಅಂತಲೇ ಅದನ್ನು ಮಾಡಿರುತ್ತಾರೆ. ಡಬ್ಬಿಗೆ ತಿರುಚಿಕೊಳ್ಳೋಕೆ ಬರುವುದಿಲ್ಲ, ಸೀಳುತ್ತದೆ. ಇಷ್ಟು ತಿಳಿಯಲು ನಮಗೆ ನಾಲ್ಕು ತಿಂಗಳು ಮತ್ತು ಒಂದು ಡಬ್ಬಿ ಬೇಕಾಯಿತು. ಎರಡನೇ ಸಲ ಡಬ್ಬಿಗೆ ಬೇರೆಯೇ ಒಂದು ಚೌಕಟ್ಟು ಮಾಡಿದೆವು. ಹಿಂದೆ ಗಟ್ಟಿ ಬೋಲ್ಟು, ಮುಂದೆ ಉದ್ದ ಬೋಲ್ಟಿಗೆ ಸ್ಪ್ರಿಂಗು. ಚಾಸಿ ತಿರುಗಿದರೆ ಸ್ಪ್ರಿಂಗ್ ಒತ್ತಿಕೊಂಡು ಚೌಕಟ್ಟು ಒಂದಿಷ್ಟು ಮೇಲೇಳುತ್ತದೆ, ಆಮೇಲೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಮೊದಲ ಸಲ ಅದು ಎದ್ದು ಕೂತದ್ದನ್ನು ನೋಡಲು ನಾವಿಬ್ಬರೂ ಗಾಡಿಯ ಕೆಳಗೆ ಮಲಗಿದ್ದೆವು. ಉಸ್ತಾದ್ ಗಾಡಿಯನ್ನು ಶಹಾಬಾದ್ ಕಲ್ಲಿನ ರಾಶಿಯ ಮೇಲೆ ಒಂದು ಗಾಲಿ ಹತ್ತಿಸಿ ನಿಲ್ಲಿಸಿದ್ದರು. ನೀನು ನನ್ನ ಕೈ ಹಿಡಿದುಕೊಂಡಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಸಂತೋಷ ಆದ ದಿನಗಳು ಬಹಳ ಇಲ್ಲ.

ಆಮೇಲೆ ಗೋಡೆ. ಕೋಲ್ಡ್ ಸ್ಟೋರೇಜಿಗೆ ಹಾಕುವ 50 ಎಂಎಂ ಪಫ್ ಪ್ಯಾನೆಲ್. ನಮ್ಮೂರ ಮೇ ತಿಂಗಳ ಬಿಸಿಲು ತಡೆದರೆ ಲಡಾಖಿನ ಚಳಿಯನ್ನೂ ತಡೆಯುತ್ತದೆ ಅಂತ ನಿನ್ನ ವಾದ. ಬ್ಯಾಟರಿ ಹೊರಗೆ ಇಡೋಣ ಅಂತ ನಾನು, ಒಳಗೇ ಇರಲಿ ಅಂತ ನೀನು. ನೀನೇ ಸರಿ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಮಾಡಿದರೆ ಹಾಳಾಗುತ್ತದೆ. ಅದು ಈಗ ನಿನ್ನ ಮಂಚದ ಕೆಳಗೇ ಇದೆ. ನೀರಿನ ಟ್ಯಾಂಕ್ 300 ಲೀಟರ್ ಇರಲಿ ಅಂದಿದ್ದೆ ನಾನು. ನೀನು ನನ್ನನ್ನು ದಾಲ್ ಮಿಲ್ಲಿನ ಕಾಟಾಕ್ಕೆ ಕರಕೊಂಡು ಹೋಗಿ, ಗಾಡಿ ತೂಗಿಸಿ, ಚೀಟಿ ಕೈಗೆ ಕೊಟ್ಟೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. 150ಕ್ಕೆ ಒಪ್ಪಿಕೊಂಡೆ.

ಮತ್ತೆ ತಾಂಡಿಯ ಲೆಕ್ಕ. ಮನಾಲಿ ದಾಟಿ, ಅಟಲ್ ಸುರಂಗದ 9 ಕಿಲೋಮೀಟರ್ ದಾಟಿದ ಮೇಲೆ ಬರುವ ಆ ಡೀಸೆಲ್ ಬಂಕು. ಮುಂದಿನ ಬಂಕು 365 ಕಿಲೋಮೀಟರ್ ಅಂತ ಬೋರ್ಡು ಹಾಕಿಕೊಂಡು ನಿಂತದ್ದು. ಘಾಟಿಯಲ್ಲಿ ನಮ್ಮ ಗಾಡಿ ಲೀಟರಿಗೆ 6 ಕೊಟ್ಟರೆ 61 ಲೀಟರ್ ಬೇಕು, ದಾರಿ ತಪ್ಪಿದರೆ, ರೋಡು ಬಂದ್ ಆದರೆ, ರಾತ್ರಿ ಎಂಜಿನ್ ಓಡಿಸಬೇಕಾದರೆ ಅಂತ ಒಂದೊಂದಕ್ಕೂ ಸೇರಿಸುತ್ತಾ ನೀನು 90ಕ್ಕೆ ತಂದು ನಿಲ್ಲಿಸಿದ್ದೆ. ಆ ಹಾಳೆ ಈಗಲೂ ಅಡುಗೆ ಕಪಾಟಿನ ಒಳಬಾಗಿಲಿಗೆ ಅಂಟಿಕೊಂಡಿದೆ. ಉಪ್ಪಿನ ಡಬ್ಬಿ ತೆಗೆಯುವಾಗಲೆಲ್ಲ ನಿನ್ನ ಅಕ್ಷರ ಕಾಣುತ್ತದೆ. ಅದರ ಮೂಲೆಯಲ್ಲಿ ನೀನು ಬರೆದ ಆ ಮೇಕೆಯೂ.

ಕಪಾಟಿನ ಕೆಲಸ ಅರ್ಧ ಆಗಿದ್ದಾಗ ನೀನು ಹೋದೆ. ಉಳಿದದ್ದನ್ನು ನಾನೂ ಉಸ್ತಾದೂ ಮುಗಿಸಿದೆವು. ಕಾಗದದ ಕೆಲಸವೂ ಮುಗಿಯಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಮಗೆ ಬಾಯಿಪಾಠ ಆಗಿತ್ತಲ್ಲ. ಗಾಡಿಯ ರೂಪ ಬದಲಿಸಿದರೆ ಅನುಮತಿ ಬೇಕು, ಆರ್‌ಸಿಯಲ್ಲಿ ಬರೆಸಬೇಕು. ಅದೂ ಆಯಿತು.

ಹೊರಟದ್ದು ಸೆಪ್ಟೆಂಬರ್ ಎರಡನೇ ವಾರ. ಮೊದಲ ರಾತ್ರಿ ಬೀದರ್. ನಾನಕ್ ಝೀರಾ ಗುರುದ್ವಾರದಲ್ಲಿ ಲಂಗರ್ ಊಟ ಮಾಡಿ, ಅಲ್ಲೇ ಹತ್ತಿರ ಗಾಡಿ ನಿಲ್ಲಿಸಿ ಮಲಗಿದೆ. ಬೆಳಿಗ್ಗೆ ಜಹೀರಾಬಾದ್, ಹೈದರಾಬಾದ್ ರಿಂಗ್ ರೋಡು, ಆಮೇಲೆ 44ನೇ ಹೆದ್ದಾರಿ. ನಿರ್ಮಲ್, ಆದಿಲಾಬಾದ್, ನಾಗಪುರ. ಪೆಂಚ್ ಕಾಡಿನಲ್ಲಿ ಹುಲಿ, ಜಿಂಕೆ ಕೆಳಗಿನಿಂದ ದಾಟಲಿ ಅಂತ ರಸ್ತೆಯನ್ನೇ ಕಂಬದ ಮೇಲೆ ಎತ್ತಿ ಕಟ್ಟಿದ್ದಾರೆ. ಎರಡೂ ಕಡೆ ಗೋಡೆ. ನೀನಿದ್ದಿದ್ದರೆ ಇಳಿದು ಬಗ್ಗಿ ನೋಡಲೇಬೇಕು ಅನ್ನುತ್ತಿದ್ದೆ.

ಮೂರನೇ ರಾತ್ರಿ ಸಿವನಿ ಊರಿನ ಹತ್ತಿರ ಒಂದು ಧಾಬಾ. ಕಲಬುರಗಿಯಿಂದ 900 ಕಿಲೋಮೀಟರಿಗೆ ಹತ್ತಿರ. ಎರಡು ಕಡಕ್ ರೊಟ್ಟಿ, ನಿಮ್ಮ ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ, ಧಾಬಾದ ದಾಲು. ಉಂಡು ಒಳಗೆ ಬಂದೆ. ಬ್ಯಾಟರಿ 91 ಪರ್ಸೆಂಟ್. ಫ್ರಿಜ್ಜು ಸದ್ದಿಲ್ಲದೆ ಓಡುತ್ತಿತ್ತು. ನೀರಿನ ಪಂಪು ಒಂದು ಹನಿ ಸೋರಿರಲಿಲ್ಲ. ಟಾರ್ಚ್ ಹಿಡಿದು ಕೆಳಗೆ ಇಳಿದೆ. ಸ್ಪ್ರಿಂಗುಗಳು, ಯು ಬೋಲ್ಟುಗಳು, ಡೀಸೆಲ್ ಪೈಪು, ಗಾಲಿಯ ನಟ್ಟುಗಳು, ಒಂದೊಂದನ್ನೂ ಮುಟ್ಟಿ ನೋಡಿದೆ. ಎಲ್ಲ ಬಿಗಿ. ನಾವು ಕಟ್ಟಿದ ಗಾಡಿ ಬಹಳ ಚೆನ್ನಾಗಿದೆ, ದೋಸ್ತ.

ಪಕ್ಕದಲ್ಲಿ ಒಂದು ಲಾರಿ ಬಂದು ನಿಂತಿತು. ಡ್ರೈವರು ಇಳಿದು ಮೈ ಮುರಿದು ನಮ್ಮ ಗಾಡಿ ಸುತ್ತ ಒಂದು ಸುತ್ತು ಬಂದ. "ಕ್ಯಾ ಮಾಲ್ ಹೈ?" ಅಂದ. ಮಾಲು ಏನಿಲ್ಲ, ಮನೆ ಅಂದೆ. ಬಾಗಿಲಿನಿಂದ ಒಳಗೆ ಇಣುಕಿದ. ಎರಡು ಮಂಚ ಕಂಡವು. "ದೂಸರಾ ಆದಮಿ ಕಹಾಂ ಹೈ?" ಅಂದ.

ಅವನು ಸುಮ್ನೆ ಕೇಳಿದ. ನನಗೆ ಉತ್ತರ ಬರಲಿಲ್ಲ. ಮಲಗಿದ್ದಾನೆ ಅಂದುಬಿಟ್ಟೆ. ಅವನಿಗೆ ಖಾಲಿ ಮಂಚ ಕಾಣುತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಗಂಟೆಯ ಹೊತ್ತಿಗೆ ಮತ್ತೆ ಕೆಳಗೆ ಇಳಿದೆ. ಎಡಗಡೆಯ ಸ್ಪ್ರಿಂಗಿನ ಒಂದು ನಟ್ಟನ್ನು ಬಿಚ್ಚಿದೆ. ಮತ್ತೆ ಬಿಗಿ ಮಾಡಿದೆ. ಅದಕ್ಕೆ ಏನೂ ಆಗಿರಲಿಲ್ಲ. ನನಗೆ ಏನಾದರೂ ರಿಪೇರಿ ಮಾಡಬೇಕಿತ್ತು. ಏನಾದರೂ ಕೆಟ್ಟಿದ್ದರೆ ನಿನಗೆ ಫೋನ್ ಮಾಡಬಹುದಿತ್ತು. ಮೂರು ವರ್ಷ ನಾವು ಮಾತಾಡಿದ್ದೆಲ್ಲ ಕೆಟ್ಟದ್ದರ ಬಗ್ಗೆಯೇ. ಇದು ಸೋರುತ್ತಿದೆ, ಅದು ಬಿರುಕು ಬಿಟ್ಟಿದೆ, ಈ ವೈರು ಬಿಸಿ ಆಗುತ್ತಿದೆ. ನೀನು ಮಸ್ಕತ್‌ಗೆ ಹೋದ ಮೇಲೂ ಹಾಗೆಯೇ. ಎಲ್ಲ ಸರಿ ಇರುವಾಗ ನಿನ್ನ ಜೊತೆ ಏನು ಮಾತಾಡಬೇಕು ಅಂತ ನನಗೆ ಗೊತ್ತಾಗಲಿಲ್ಲ. ಅಂಬಾಲಾ, ಮನಾಲಿ, ತಾಂಡಿ, ಬಾರಾಲಾಚಾ ಘಾಟಿ ಎಲ್ಲ ಇನ್ನೂ ಮುಂದೆ ಇದ್ದವು. ಲೇಹ್‌ನಲ್ಲಿ 3500 ಮೀಟರ್ ಎತ್ತರಕ್ಕೆ ನೀರು 88 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ ಅಂತ ಕುಕ್ಕರ್ ಇಟ್ಟುಕೊಂಡು ಹೋಗಿದ್ದೆ. ಮೂರು ಲೀಟರಿನದು. ಇಬ್ಬರಿಗೆ ಆಗುವಂಥದ್ದು.

ಬೆಳಿಗ್ಗೆ ಗಾಡಿ ತಿರುಗಿಸಿದೆ. ನಾಗಪುರ ದಾಟಿದ ಮೇಲೆ ಗೇರ್‌ಬಾಕ್ಸ್ ಅಂತ ಬರೆದೆ.

ಇಲ್ಲಿಗೆ ನಿಲ್ಲಿಸಬೇಕು ಅಂತಿದ್ದೆ. ನಿಲ್ಲಿಸೋಕೆ ಆಗುತ್ತಿಲ್ಲ.

ನೀನು ಹೋದಾಗ ನನಗೆ ಸಿಟ್ಟು ಬಂದಿತ್ತು. ಮನೆಯ ಪರಿಸ್ಥಿತಿ ನನಗೆ ಗೊತ್ತಿತ್ತು. ಹೋಗಲೇಬೇಕಿತ್ತು ಅನ್ನುವುದೂ ಗೊತ್ತಿತ್ತು. ಆದರೂ ಬಂತು. ಹೈದರಾಬಾದ್ ಏರ್‌ಪೋರ್ಟಿನಲ್ಲಿ "ಹೋಗಿ ಬಾ, ಎರಡೇ ವರ್ಷ ಅಲ್ವಾ" ಅಂತ ನಗುತ್ತಾ ಕಳಿಸಿದೆ. ವಾಪಸ್ ಬರುವಾಗ ಜಹೀರಾಬಾದ್ ಹತ್ತಿರ ಒಂದು ಚಹಾ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಒಂದು ತಾಸು ಅತ್ತೆ. ಈ ಸಲ ಅದೇ ಚಹಾ ಅಂಗಡಿ ಮುಂದೆ ಹೋದೆ, ನಿಲ್ಲಿಸಲಿಲ್ಲ. ಆರ್‌ಸಿ ನಿನಗೆ ಹೇಳಿದ ಹಾಗೆ ಆಗಸ್ಟ್‌ನಲ್ಲಿ ಬಂದದ್ದಲ್ಲ. ಮಾರ್ಚ್‌ನಲ್ಲೇ ಬಂದಿತ್ತು. ಐದು ತಿಂಗಳು ಮುಚ್ಚಿಟ್ಟೆ. ಚೆನ್ನಾಗಿದ್ದ ವೈರಿಂಗನ್ನು ಎರಡು ಸಲ ಬಿಚ್ಚಿ ಹಾಕಿದೆ. ಕಾಗದ ಬಂತು ಅಂದರೆ ಹೊರಡಬೇಕಾಗುತ್ತಿತ್ತು. ನಿನ್ನ ಮಂಚ ಖಾಲಿ ಇಟ್ಟುಕೊಂಡು ಹೊರಡಬೇಕಾಗುತ್ತಿತ್ತು. ಅದನ್ನು ಬಿಚ್ಚಿ ಡಬ್ಬಿ, ಸಾಮಾನು ಇಡುವ ಜಾಗ ಮಾಡಿಕೋ ಅಂತ ಎಷ್ಟೋ ಜನ ಬರೆದರು. ಆರು ಅಡಿ ನಾಲ್ಕು ಇಂಚು ಮಂಚ ಅದು. ನಿನ್ನ ಅಳತೆಗೆ ಕೊಯ್ದದ್ದು. ಉಸ್ತಾದ್ ಒಂದು ದಿನ ಅದರ ಮೇಲೆ ಪಾನಾಗಳ ಡಬ್ಬಿ ಇಟ್ಟಿದ್ದರು. ನಾನು ಎತ್ತಿ ಕೆಳಗೆ ಇಟ್ಟೆ. ಅವರು ನೋಡಿದರು, ಏನೂ ಅನ್ನಲಿಲ್ಲ.

ನನಗೆ ಲೇಹ್ ಬೇಕಿತ್ತು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಲೇಹ್ ಈಗಲೂ ಬೇಕು. ಆದರೆ ನನಗೆ ಅದಕ್ಕಿಂತ ಜಾಸ್ತಿ ಬೇಕಾಗಿದ್ದದ್ದು ಆ ಶೆಡ್ಡಿನ ಸಂಜೆಗಳು. ಗ್ರೀಸು, ಚುರುಮುರಿ, ಲೈಟು ಹೋದಾಗ ಮೊಬೈಲ್ ಬೆಳಕಿನಲ್ಲಿ ಡ್ರಿಲ್ ಹಿಡಿದು ಕಾಯುವುದು, ನೀನು ಅದೇ ಎರಡು ಸಾಲು ಹಾಡುವುದು.

ಇನ್ನೊಬ್ಬರಿಗೆ ಒಂದು ಮಾತು ಹೇಳಬೇಕು. ಗೇರ್‌ಬಾಕ್ಸ್ ಅಂತ ಬರೆದ ಮರುದಿನ ವಿಜಯಪುರದಿಂದ ಒಬ್ಬರು ಫೋನ್ ಮಾಡಿದರು. ನಮ್ಮನ್ನು ಒಮ್ಮೆಯೂ ಭೇಟಿ ಆದವರಲ್ಲ. "ನಮ್ಮ ಹತ್ರ ಹಳೆಯ 407ದು ಒಂದು ಗೇರ್‌ಬಾಕ್ಸ್ ಅದ ರೀ. ಛಲೋ ಅದ. ನಾಳೆ ಲಾರಿಗೆ ಹಾಕಿ ಕಳಸ್ತೀನಿ. ರೊಕ್ಕ ಏನೂ ಬ್ಯಾಡ, ನೀವು ಹೋಗಿ ಬರ್ರಿ" ಅಂದರು. ನಾನು ಬೇಡ, ಇಲ್ಲೇ ಸಿಕ್ಕಿತು ಅಂತ ಇನ್ನೊಂದು ಸುಳ್ಳು ಹೇಳಿದೆ. ಎರಡು ತಿಂಗಳಿಂದ ಆ ದನಿ ನನ್ನ ಕಿವಿಯಲ್ಲೇ ಇದೆ. ಅಣ್ಣಾ, ನಿಮ್ಮ ಹೆಸರು ಇಲ್ಲಿ ಬರೆಯುವುದಿಲ್ಲ. ನೀವು ಓದುತ್ತೀರಿ ಅಂತ ಗೊತ್ತು. ತಪ್ಪಾಯಿತು. ಒಂದು ದಿನ ಗಾಡಿ ತಗೊಂಡು ನಿಮ್ಮ ಊರಿಗೇ ಬಂದು ಮುಖಾಮುಖಿ ಹೇಳುತ್ತೇನೆ.

ಸಾಕು. ದೋಸ್ತ, ಇಷ್ಟು ಉದ್ದ ಬರೆಯಬೇಕು ಅಂತ ಇರಲಿಲ್ಲ. ನೀನು ಇದನ್ನು ಡ್ಯೂಟಿಯಲ್ಲಿ ಓದಬೇಡ, ರೂಮಿಗೆ ಹೋಗಿ ಓದು.

ಮನಾಲಿ ರೋಡಿಗೆ ಹಿಮ ಬಿದ್ದರೆ ಇನ್ನು ಬೇಸಿಗೆಯ ತನಕ ತೆರೆಯುವುದಿಲ್ಲ. ಅವಸರ ಇಲ್ಲ. ನಿನ್ನ ರಜೆ ಎಳ್ಳ ಅಮಾವಾಸ್ಯೆಗೆ ಸಿಗುತ್ತದೆ ಅಂತ ಅವ್ವ ಹೇಳಿದರು. ನಿಜಾನಾ? ಹಾಗಾದರೆ ಆವತ್ತು ಗಾಡಿಯನ್ನು ನಿಮ್ಮ ಹೊಲಕ್ಕೆ ತರುತ್ತೇನೆ. ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು, ರಾತ್ರಿ ತೊಗರಿಯ ಮಧ್ಯೆ ಅಲ್ಲೇ ಮಲಗೋಣ. ಹದಿನೆಂಟು ಕಿಲೋಮೀಟರ್ ದಾರಿ. ಡೀಸೆಲ್ ಲೆಕ್ಕ ನೀನೇ ಹಾಕು, ಹೊಸ ಹಾಳೆ ತಂದಿದ್ದೇನೆ.

ಬರುವಾಗ ಖರ್ಜೂರ ತಾ. ಮೇಕೆಗೆ ಬೇರೆ, ನಮಗೆ ಬೇರೆ. ಹದಿಮೂರು ನಂಬರಿನ ಪಾನಾ ತರಬೇಡ, ಅದು ಸಿಕ್ಕಿತು. ಎಲ್ಲಿತ್ತು ಅಂತ ಉಸ್ತಾದ್ ಮುಂದೆ ಮಾತ್ರ ಕೇಳಬೇಡ.

ನಿನ್ನ
ಡ್ರೈವರ್